ಗೌರಿಯ ಚಾಪೆ

ಬೇಸಿಗೆ ರಜೆ ಬಂದರೆ ಮಕ್ಕಳನ್ನು ನೆಂಟರೂರಿನ ಬಸ್ಸು ಹತ್ತಿಸಿ, ಶಾಲೆ ತೆರೆಯುವವರೆಗೆ ಮರೆತುಬಿಡುತ್ತಿದ್ದ ಕಾಲ. ನನ್ನನ್ನು ನಂಜನಗೂಡಿನಿಂದ ಹೆಡತಲೆಯ ಚಿಕ್ಕಮ್ಮನ ಮನೆಗೆ ಕಳಿಸುತ್ತಿದ್ದರು. ಆ ವರ್ಷ ನಾನು ಹೋಗುವಷ್ಟರಲ್ಲಿ ಚಿಕ್ಕಮ್ಮನ ಮಗಳು ಗೌರಿ ಹುಣಸೆಮರದಿಂದ ಬಿದ್ದು ಕಾಲು ಮುರಿದುಕೊಂಡಿದ್ದಳು. ನಾಟಿ ವೈದ್ಯರು ಬಿದಿರಿನ ದಬ್ಬೆ ಇಟ್ಟು ಕಟ್ಟಿದ್ದರು. ಹಿತ್ತಲಿನ ಚಪ್ಪರದಡಿ ಚಾಪೆ ಹಾಸಿ ಅವಳನ್ನು ಮಲಗಿಸಿದ್ದರು. ಪಕ್ಕದಲ್ಲೇ ರಸಬಾಳೆ ಗೊನೆಗಳನ್ನು ಹಣ್ಣಿಗೆ ಹಾಕಿದ್ದ ಗುಂಡಿ. ಹುಲ್ಲು ಹೊದಿಸಿ, ಹೊಗೆ ಊದಿ, ಮೇಲೆ ಕೆಸರು ಮೆತ್ತಿದ್ದರು. ಕೆಸರು ಬಿರಿದು ಹೊಗೆ ಆಚೆ ಬಂದರೆ ಕೂಗಿ ಹೇಳುವುದು ಅವಳ ಕೆಲಸ.

ನನಗೆ ನಾಲೆಯಿತ್ತು, ಚಿಕ್ಕಪ್ಪನ ಸೈಕಲ್ಲಿತ್ತು, ಮಾವಿನ ತೋಪಿತ್ತು. ಅವಳಿಗಿದ್ದದ್ದು ಒಂದು ಗುಂಡಿ. ಆದರೂ ಅವಳೇ ನನಗಿಂತ ಖುಷಿಯಾಗಿದ್ದಳು. ಈಜಿ ಬಂದು ತಲೆ ಒರೆಸಿಕೊಳ್ಳುವಾಗ ಅವಳು ಏನೋ ಗುನುಗುತ್ತಿರುವುದು ಕೇಳಿಸಿದರೆ, ನಾನು ಈಜಿದ್ದೆಲ್ಲ ಸಪ್ಪೆಯಾಗಿಬಿಡುತ್ತಿತ್ತು.

"ನಿಂಗೆ ಬೇಜಾರಾಗಲ್ವಾ?"

"ನೀನ್ ಬಂದಾಗ ಆಯ್ತದೆ. ಅಂಗೆ ಅಡ್ಡ ನಿಂತ್ಕಬ್ಯಾಡ, ಇರುವೆ ಕಾಣಕಿಲ್ಲ."

ಅವಳ ಖುಷಿ ಆ ಜಾಗದಲ್ಲೇ ಎಲ್ಲೋ ಇದೆಯೆಂದು ತೀರ್ಮಾನಿಸಿದೆ. ಕಟ್ಟು ಬದಲಿಸಲು ಅವಳನ್ನು ಗಾಡಿಯಲ್ಲಿ ಕರೆದೊಯ್ದ ದಿನ ಹೋಗಿ ಆ ಚಾಪೆಯ ಮೇಲೆ ಮಲಗಿದೆ. ಕಾಲನ್ನೂ ಅವಳಂತೆಯೇ ನೆಟ್ಟಗೆ ಚಾಚಿದೆ. ಹಸಿ ಕೆಸರಿನ ವಾಸನೆ, ಹರಳೆಣ್ಣೆಯ ಜಿಡ್ಡು, ಮೂಗಿನ ಮೇಲೆ ನೊಣ. ಇರುವೆಗಳು ಬರೀ ಇರುವೆಗಳಾಗಿದ್ದವು.

ಪಾತ್ರೆ ತೊಳೆಯಲು ಬಂದ ಗೌರಿಯ ಅಜ್ಜಿ ನೋಡಿದರು. "ಯಾಕ್ಲಾ, ನಿನ್ ಕಾಲೂ ಮುರೀತಾ?"

"ಇಲ್ಲ. ಗೌರಿ ಥರ ಇರೋಕೆ ನೋಡ್ತಿದ್ದೀನಿ."

"ಅದಕ್ಕೆ ಚಾಪೆ ಯಾಕ್ಲಾ ಸವೆಸ್ತೀಯ? ಎದ್ದೋಗು, ಒಟ್ಟೆಗೆ ಏನಾರ ತಿನ್ನು."

ರಜೆ ಮುಗಿಯುವ ಮುನ್ನ ಗೌರಿಯ ಕಟ್ಟು ಬಿಚ್ಚಿದರು. ಕಾಲು ಕೊಂಚ ಗಿಡ್ಡವಾಗಿತ್ತು. ಚಿಕ್ಕಮ್ಮ ಸೆರಗನ್ನು ಬಾಯಿಗಿಟ್ಟುಕೊಂಡರು. ಈಗಲಾದರೂ ಇವಳು ಅಳುತ್ತಾಳೆ ಎಂದು ಕಾದೆ. ಕಾದದ್ದು ಮಾತ್ರ ನನಗೆ ಖಚಿತವಾಗಿ ನೆನಪಿದೆ. ಅವಳು ಗೋಡೆ ಹಿಡಿದು ಅಂಗಳದವರೆಗೆ ನಡೆದು, "ನೋಡವ್ವ, ಬಾತುಕೋಳಿ ಇದ್ದಂಗೆ ಇವ್ನಿ" ಎಂದು ನಕ್ಕಳು.

ನಿಜಕ್ಕೂ ನಕ್ಕಳೇ? ಯೂನಿವರ್ಸಿಟಿಯಲ್ಲಿ ಓದಿದ ಮೇಲೆ ಅನುಮಾನ ಶುರುವಾಯಿತು. ನೋವು ಮುಚ್ಚಿಡಲು ನಗುವವರ ಬಗ್ಗೆ ಅಲ್ಲಿ ಓದಿದ್ದೆ. ಅವಳೂ ನಟಿಸಿರಬೇಕು ಎಂದುಕೊಂಡೆ. ಆ ಯೋಚನೆ ಹಿತವಾಗಿತ್ತು, ವರ್ಷಗಟ್ಟಲೆ ಅದನ್ನೇ ನೆಚ್ಚಿಕೊಂಡಿದ್ದೆ.

ಗೌರಿ ಈಗ ಟಿ. ನರಸೀಪುರದಲ್ಲಿ ಬಟ್ಟೆ ಹೊಲಿಯುತ್ತಾಳೆ. ಮೊನ್ನೆ ಹೋದಾಗ ಕೇಳಿಯೇಬಿಟ್ಟೆ, ಆವತ್ತು ಅಳಲಿಲ್ಲವೇ ಎಂದು.

ಅವಳು ಮಷಿನ್ನಿನಿಂದ ತಲೆ ಎತ್ತಲಿಲ್ಲ. "ಅತ್ತಿದ್ದೆ ಕಣೋ. ಬಚ್ಚಲಿಗೋಗಿ ಚೆನ್ನಾಗೇ ಅತ್ತಿದ್ದೆ."

ಒಳಗೆ ಏನೋ ಗೆದ್ದಂತಾಯಿತು. "ಹಂಗಾದ್ರೆ ನಕ್ಕಿದ್ದು ಸುಳ್ಳು."

"ಅದ್ಯಾಕೆ ಸುಳ್ಳಾಯ್ತದೆ? ನಗು ಬಂತು, ನಕ್ಬುಟ್ಟೆ. ಅಳು ಬಂತು, ಅತ್ಬುಟ್ಟೆ. ಆಮೇಲೆ ಉಂಡು ಮಲಗ್ದೆ. ನೀನೇನ್ಲಾ, ಇಷ್ಟ್ ವರ್ಷ ಇದನ್ನೇ ಕೆರಕೊಂಡಿದ್ಯಾ?"

ಹೆಡತಲೆಯ ಆ ಹಿತ್ತಲು ಈಗಿಲ್ಲ, ಅಜ್ಜಿಯಿಲ್ಲ, ಆ ಪರಿಮಳದ ರಸಬಾಳೆ ಎಷ್ಟು ಹುಡುಕಿದರೂ ಸಿಗುವುದಿಲ್ಲ. ಅವಕ್ಕೆಲ್ಲ ದುಃಖಪಡಲು ನನಗೆ ಬರುತ್ತದೆ. ಆದರೆ ಅವಳದು ನಟನೆ ಎಂದು ನಂಬಿ ಪಡೆದಿದ್ದ ಸಮಾಧಾನವೂ ಆ ಮಧ್ಯಾಹ್ನ ಹೋಯಿತು. ವಾಪಸ್ ಬರುವಾಗ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಇದೇ ಸೀಟು ಗೌರಿಗೆ ಸಿಕ್ಕಿದ್ದರೆ ಆಚೆ ಏನೇನು ಕಾಣುತ್ತಿತ್ತೋ ಎಂದು ನಂಜನಗೂಡಿನವರೆಗೂ ಹೊಟ್ಟೆ ಉರಿಯಿತು.