ಇನ್ನೊಮ್ಮೆ ಹೇಳ್ರಿ

ಅವರ ಎಡಗಿವಿಯ ಹಿಂದೆ ಕೂತಿದ್ದ ಶ್ರವಣಯಂತ್ರದ ಬಣ್ಣ ತಿಳಿಗುಲಾಬಿ. ಕಿವಿ ಎಣ್ಣೆಗಪ್ಪು. ಬೇರೆ ಯಾರದೋ ಚರ್ಮಕ್ಕೆಂದು ಮಾಡಿದ ವಸ್ತು ಅದು. ಮುಚ್ಚಿಕೊಳ್ಳಲು ಅವರು ಸೆರಗು ಎಳೆಯುತ್ತಿರಲಿಲ್ಲ, ಕೂದಲನ್ನೂ ಇಳಿಬಿಡುತ್ತಿರಲಿಲ್ಲ. ಗಾಳಿಯಲ್ಲಿ ಅದು ಕುಂಯ್ ಎನ್ನುತ್ತಿತ್ತು. ನಮ್ಮ ಸೈಟಿನಲ್ಲಿ ಗಾಳಿಗೇನೂ ಕೊರತೆಯಿಲ್ಲ. ಹಾಗಾಗಿ ಜೀಪು ಇಳಿಯುತ್ತಲೇ ಅದನ್ನು ತೆಗೆದು ಪರ್ಸಿಗೆ ಹಾಕಿ, ಕಂಟ್ರೋಲ್ ರೂಮಿನ ಬಾಗಿಲು ಮುಚ್ಚಿದ ಮೇಲೆ ಮತ್ತೆ ಕಿವಿಗೆ ಹಾಕಿಕೊಳ್ಳುತ್ತಿದ್ದರು.

ಬಾಗೇವಾಡಿಯಿಂದ ಕೊಲ್ಹಾರದ ಕಡೆಗೆ ಹೋಗುವಾಗ ಹೊಲಗಳ ನಡುವೆ ಕಾಣುವ ಗಾಳಿಯಂತ್ರಗಳಲ್ಲಿ ನನ್ನ ಕೆಲಸ. ಎಲೆಕ್ಟ್ರಿಕಲ್ ಓದಿ ಸೇರಿದವಳು. ಅಷ್ಟು ದೊಡ್ಡ ಸೈಟಿನಲ್ಲಿ ಹೆಣ್ಣೆಂದರೆ ನಾನೊಬ್ಬಳೇ. ಅವರು ಮುದ್ದೇಬಿಹಾಳದವರು, ಆಪ್ತಸಮಾಲೋಚಕಿ. ಇಂಡಿ, ಸಿಂದಗಿ, ಆಮೇಲೆ ನಮ್ಮದು, ಹೀಗೆ ಕಂಪನಿಯ ಎಲ್ಲ ಸೈಟುಗಳಿಗೂ ತಿಂಗಳಿಗೊಮ್ಮೆ ಬರುತ್ತಿದ್ದರು. ಕಂಪನಿಗೆ ನಮ್ಮ ಮೇಲೆ ಅಕ್ಕರೆಯೇನೂ ಇರಲಿಲ್ಲ. ಕಳಿಸುತ್ತೇವೆ ಎಂದು ಹೇಳಿಕೊಳ್ಳುವುದಕ್ಕೆ ಕಳಿಸುತ್ತಿತ್ತು. ಎದುರಿಗೆ ಎಲ್ಲರೂ ಅವರನ್ನು ಅಕ್ಕೋರು ಎನ್ನುತ್ತಿದ್ದರು. ಜೀಪು ಹೊರಟ ಮೇಲೆ ಗಂಡಸರ ಬಾಯಲ್ಲಿ ಅವರು ಕಿವುಡಿ.

ಮೊದಲ ಸಲ ನನ್ನೆದುರು ಕೂತಾಗ ಅವರು ನನ್ನ ಮುಖ ನೋಡಲಿಲ್ಲ, ಮೇಜಿನ ಮೇಲಿದ್ದ ನೀರಿನ ಬಾಟಲಿಯನ್ನು ಎತ್ತಿ ನೋಡಿದರು.

“ಹೊತ್ತು ಇಳೀತು. ಬಾಟ್ಲಿ ತುಂಬಿದ್ದು ತುಂಬಿದಂಗ ಐತಲ್ಲ ತಂಗಿ. ನೀರು ಕುಡಿಯಂಗಿಲ್ಲೇನು?”

“ನೀರಡಿಕಿ ಆಗಂಗಿಲ್ರಿ.”

“ಈ ಬಿಸಲಾಗ?”

ನಾನು ಕಿಟಕಿಯ ಕಡೆ ನೋಡಿದೆ. ಸುಮ್ಮನೆ ಕೂರುವುದು ನನಗೆ ಚೆನ್ನಾಗಿ ಬರುತ್ತದೆ. ಅವರಿಗೆ ಇನ್ನೂ ಚೆನ್ನಾಗಿ ಬರುತ್ತಿತ್ತು. ಕೊನೆಗೆ ನಾನೇ, “ಸಂಡಾಸದ ಚಾವಿ ಈ ಗಂಡಸರ ಕಡೆ ಇರ್ತೈತ್ರಿ. ಕೇಳಿದ್ರ ಏನೋ ಚ್ಯಾಷ್ಟಿ ಮಾಡ್ತಾರ” ಎಂದೆ.

ಯಂತ್ರವಿದ್ದ ಕಿವಿಯನ್ನು ನನ್ನ ಕಡೆ ತಿರುಗಿಸಿದರು. “ಏನೋ ಅಂತ ಯಾರೂ ಅನ್ನಂಗಿಲ್ಲ. ಅವರು ಅಂದಿದ್ದು ಅಂದಂಗ ಹೇಳು.”

ಹೇಳಿದೆ.

“ಕೇಳಲಿಲ್ಲ. ಇನ್ನೊಮ್ಮೆ ಹೇಳು.”

ಚಾವಿ ಕೇಳಿದರೆ ಅದು ಒಬ್ಬನ ಕಿಸೆಯಿಂದ ಇನ್ನೊಬ್ಬನ ಕಿಸೆಗೆ ಹೋಗುತ್ತಿತ್ತು. ಕೊನೆಗೆ ಸೈಟ್ ಇನ್‌ಚಾರ್ಜ್ ತನ್ನ ಪ್ಯಾಂಟಿನ ಕಿಸೆ ತಟ್ಟಿ, “ಇಲ್ಲೇ ಐತ್ರಿ ಮೇಡಂ, ಕೈ ಹಾಕಿ ತಗೋರಿ” ಎನ್ನುತ್ತಿದ್ದ. ಉಳಿದವರು ನಗುತ್ತಿದ್ದರು. ಅವನನ್ನು ಇಲ್ಲಿ ಅವರು ಎಂದು ಬರೆಯಲು ನನಗೆ ಮನಸ್ಸಿಲ್ಲ. ಚಾವಿ ಕೇಳುವುದೇ ಬೇಡವೆಂದು ನಾನು ಬೆಳಗಿನಿಂದ ಸಂಜೆಯವರೆಗೆ ನೀರು ಕುಡಿಯುವುದನ್ನೇ ಬಿಟ್ಟಿದ್ದೆ. ಮೂತ್ರದ ಸೋಂಕಾಗಿ ಎರಡು ಸಲ ಜ್ವರ ಬಂದಿತ್ತು. ಇಂಡಿಯಲ್ಲಿರುವ ಅವ್ವನಿಗೆ ಉಷ್ಣ ಎಂದು ಹೇಳಿದ್ದೆ. ಕೆಲಸ ಬಿಡುವುದೆಂದೂ ಹೆಚ್ಚುಕಡಿಮೆ ತೀರ್ಮಾನಿಸಿದ್ದೆ.

ಇನ್ನೊಮ್ಮೆ ಹೇಳಿದೆ. ಅವನ ಮಾತನ್ನು ನನ್ನದೇ ದನಿಯಲ್ಲಿ, ಜೋರಾಗಿ ಕೇಳಿಸಿಕೊಂಡಾಗ ಅಲ್ಲಿಯವರೆಗೆ ನಾಚಿಕೆ ಎಂದುಕೊಂಡಿದ್ದುದು ಸಿಟ್ಟಾಗಿ ಎದ್ದಿತು. ಬಾಟಲಿ ಎತ್ತಿ ಮೇಜಿಗೆ ಕುಕ್ಕಿದೆ.

“ಸಿಟ್ಟು ಬಂತಲ್ಲ, ಇರ್ಲಿ” ಎಂದರು. “ಅದನ್ನ ಇಳಸಾಕ ನಾ ಬಂದಿಲ್ಲ.”

ಕಂಪನಿಯ ತರಬೇತಿಯಲ್ಲಿ ನನಗೆ ಉಸಿರು ಎಳೆದು ಬಿಡುವುದನ್ನು ಕಲಿಸಿದ್ದರು. ಚಾವಿ ಕೊಡುವುದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ.

“ಅವನಿಗೆ ಕೇಳ್ಲೇನು? ಕೇಳಿದ್ರ ನಿನ್ನ ಹೆಸರು ಬರ್ತೈತಿ. ಒಲ್ಲೆ ಅಂದ್ರ ಈ ಮಾತು ಇಲ್ಲಿಗೇ ಮುಗೀತು.”

ಒಪ್ಪಿಕೊಳ್ಳಲು ನನಗೆ ಒಂದು ತಿಂಗಳು ಬೇಕಾಯಿತು. ಮುಂದಿನ ಸಲ ಬಂದಾಗ ಅವರು ಅವನನ್ನು ಕೋಣೆಗೆ ಕರೆಯಲಿಲ್ಲ. ಎಲ್ಲರೂ ಚಹಾ ಕುಡಿಯುತ್ತಿದ್ದ ಬಯಲಲ್ಲಿ ಹೋಗಿ ನಿಂತರು.

“ಈ ಹುಡುಗಿ ಚಾವಿ ಕೇಳಿದ್ರ ಏನಂತೀರಿ?”

“ಮಜಾಕ್ ಮಾಡ್ತೀವ್ರಿ ಅಕ್ಕೋರ. ನಮ್ಮ ತಂಗಿ ಇದ್ದಂಗ.”

“ಏನಂತ ಮಜಾಕ್? ಗಾಳ್ಯಾಗ ಕೇಳವಲ್ದು. ಜೋರಾಗಿ ಹೇಳ್ರಿ, ನಾನೂ ನಗ್ತೇನಿ.”

ಅವನು ನಕ್ಕ. ಅವರು ಕಿವಿಗೆ ಅಂಗೈ ಒಡ್ಡಿ ನಿಂತೇ ಇದ್ದರು. “ಇನ್ನೊಮ್ಮೆ ಹೇಳ್ರಿ. ನಿಮ್ಮ ತಂಗಿಗೆ ಏನಂತೀರಿ?” ಟೆಕ್ನಿಷಿಯನ್ನರೆಲ್ಲ ಚಹಾದ ಕಪ್ಪಿನೊಳಗೆ ನೋಡತೊಡಗಿದರು. ನಗು ಅವನ ಮುಖದ ಮೇಲೆ ಎಷ್ಟು ಹೊತ್ತು ನಿಲ್ಲಬಹುದೋ ಅಷ್ಟು ಹೊತ್ತು ನಿಂತು, ಒಣಗಿತು. ಅಂದು ಸಂಜೆ ಚಾವಿ ಸಂಡಾಸದ ಬಾಗಿಲ ಪಕ್ಕದ ಮೊಳೆಗೆ ಬಂತು.

ಆಮೇಲೆ ಯಾರೂ ನನ್ನನ್ನು ಊಟಕ್ಕೆ ಕರೆಯಲಿಲ್ಲ. ರೊಟ್ಟಿ ಬಿಚ್ಚಿ ಸುತ್ತ ಕೂತರೆ ನನ್ನ ಕಡೆ ಬೆನ್ನು ಮಾಡುತ್ತಿದ್ದರು. ಅದನ್ನು ಅಕ್ಕೋರ ಮುಂದೆ ಹೇಳಿಕೊಂಡೆ.

“ಅವರು ಒಳ್ಳೆಯವರಾಗ್ಲಿ ಅಂತ ನಾ ಏನೂ ಮಾಡಿಲ್ಲವ್ವ. ನೀ ನೀರು ಕುಡೀಬೇಕಾಗಿತ್ತು, ಅಷ್ಟ” ಎಂದು, ತಮ್ಮ ಬುತ್ತಿ ಬಿಚ್ಚಿ ಶೇಂಗಾ ಚಟ್ನಿಯನ್ನು ನನ್ನ ರೊಟ್ಟಿಗೆ ಹಾಕಿದರು. ಪ್ರತಿ ಸಲ ಬಂದಾಗಲೂ ಮೊದಲು ಬಾಟಲಿ ಎತ್ತಿ ತೂಕ ನೋಡುತ್ತಿದ್ದರು. ಹಗುರಾಗಿದ್ದರೆ ಮುಂದೆ ಏನೂ ಕೇಳುತ್ತಿರಲಿಲ್ಲ. ಯಂತ್ರ ಹಾಕಿಕೊಂಡರೆ ಅವರಿಗೆ ಪಿಸುಮಾತೂ ಸ್ಪಷ್ಟವಾಗಿ ಕೇಳುತ್ತಿತ್ತು ಎಂಬುದು ನನಗೆ ಗೊತ್ತಾದದ್ದು ಬಹಳ ತಡವಾಗಿ.

ಈ ಚಳಿಗಾಲದಲ್ಲಿ ಮುದ್ದೇಬಿಹಾಳದಲ್ಲಿ ಅವರ ಹೃದಯ ನಿಂತಿತು. ಸುದ್ದಿ ಹೇಳಿದ್ದು ಜೀಪಿನ ಡ್ರೈವರ್, ಡ್ಯೂಟಿ ಮುಗಿಯುವ ಹೊತ್ತಿಗೆ. ಕಂಪನಿ ಅವರ ಬದಲಿಗೆ ಯಾರನ್ನೂ ಕಳಿಸುವುದಿಲ್ಲವಂತೆ, ಫೋನಿನಲ್ಲೇ ಸಮಾಲೋಚನೆಯಂತೆ. ನಮ್ಮ ಸೈಟಿನಲ್ಲಿ ಫೋನು ಹತ್ತುವುದಿಲ್ಲ. ಇನ್‌ಚಾರ್ಜ್ ಹೋಗಿ ಮೊಳೆಯಿಂದ ಚಾವಿ ತೆಗೆದು ಬೆರಳಲ್ಲಿ ತಿರುಗಿಸಿದ.

“ಕಿವುಡಿ ಹೋದ್ಳು. ಇನ್ನ ಯಾರ ಮುಂದ ಅಳ್ತೀರಿ ಮೇಡಂ?” ಎಂದು ಕಿಸೆಗೆ ಹಾಕಿಕೊಂಡ.

ಬಾಡಿಗೆ ಕೋಣೆಗೆ ಬಂದು, ಬಾಗಿಲು ಹಾಕಿ, ಆ ಮಾತನ್ನು ಅಂದದ್ದು ಅಂದಂತೆ ಜೋರಾಗಿ ಹೇಳಿಕೊಂಡೆ.

ಮರುದಿನ ಬೆಳಗ್ಗೆ ಕೆಲಸಕ್ಕೆ ಮೊದಲಿನ ಸುರಕ್ಷತಾ ಸಭೆಗೆ ಎಲ್ಲರೂ ಹೆಲ್ಮೆಟ್ ಹಾಕಿ ಬಯಲಲ್ಲಿ ಸಾಲಾಗಿ ನಿಂತಿದ್ದರು. ಯಾರಿಗಾದರೂ ಏನಾದರೂ ಹೇಳುವುದಿದೆಯೇ ಎಂದು ಇನ್‌ಚಾರ್ಜ್ ವಾಡಿಕೆಯಂತೆ ಕೇಳಿದ. ನಾನು ಸಾಲಿನಿಂದ ಮುಂದೆ ಬಂದೆ.

“ನಿನ್ನೆ ಚಾವಿ ಕಿಸೇದಾಗ ಹಾಕೊಳ್ಳೂ ಮುಂದ ಒಂದು ಮಾತು ಅಂದ್ರಿ ಸರ್. ಇನ್ನೊಮ್ಮೆ ಹೇಳ್ರಿ. ಎಲ್ಲಾರಿಗೂ ಕೇಳಂಗ.”

ಅವನು ಪಕ್ಕದವನ ಕಡೆ ನೋಡಿದ. ಪಕ್ಕದವನು ಹೆಲ್ಮೆಟ್ಟಿನ ಪಟ್ಟಿ ಸರಿಮಾಡಿಕೊಳ್ಳುತ್ತಿದ್ದ. ನಾನು ಬಾಟಲಿಯ ಮುಚ್ಚಳ ತೆಗೆದು, ನಿಂತಲ್ಲೇ ಪೂರ್ತಿ ನೀರು ಕುಡಿದೆ. ಆಮೇಲೆ ಚಾವಿಗಾಗಿ ಕೈ ಚಾಚಿದೆ.