ಹಲಗೆ ತೂಗಿ ನೋಡಿ ಕೊಡುತ್ತಿದ್ದವರು

ಮಗಳ ಮದುವೆಗೆ ಮಾಡಿಸಿದ ಉಯ್ಯಾಲೆ ಹಲಗೆಗೆ ಹದಿನೆಂಟು ಸಾವಿರ ಕೊಟ್ಟೆ. ಹದಿನಾಲ್ಕಕ್ಕೆ ಕೇಳಿದ್ದೆ. ಪೆರಂಬೂರಿನ ಆ ಬಡಗಿ ಯಜಮಾನರು "ದೇವರನ್ನ ಕೇಳಿ ಹೇಳ್ತೀನಿ" ಎಂದು ಒಳಗೆ ಹೋಗಿ ಬಂದು, "ಹದಿನೆಂಟೇ ಅಂತೆ" ಎಂದರು. ಟಿ. ನಗರದಲ್ಲಿ ವ್ಯಾಪಾರ ಮಾಡಿಯೇ ಮೇಲೆ ಬಂದ ನನಗೂ ಅಂಥ ಪಾಲುದಾರ ಸಿಕ್ಕಿಲ್ಲ.

ಯಜಮಾನರು ತೊಂಬತ್ತು ದಾಟಿ, ಮೊನ್ನೆ ತೀರಿಕೊಂಡರು. ಕೊನೆಯವರೆಗೂ ನಾಮ ಹಚ್ಚಿಕೊಂಡೇ ಉಳಿ ಹಿಡಿಯುತ್ತಿದ್ದರು. ಹಲಗೆ ಮುಗಿದರೆ ತಮ್ಮ ಮನೆಯವರಿಬ್ಬರನ್ನು ಅದರ ಮೇಲೆ ಕೂರಿಸಿ, ಒಂದು ದೇವರನಾಮ ಹಾಡಿ ಮುಗಿಸುವವರೆಗೆ ತೂಗಿ ನೋಡಿಯೇ ಕೊಡುತ್ತಿದ್ದರು.

ಹಲಗೆ ತರಲು ನಾನು ಹೋದ ದಿನ ಕೂರಿಸಿದ್ದು ತಮ್ಮ ಇಬ್ಬರು ಗಂಡುಮಕ್ಕಳನ್ನು. ಇಬ್ಬರಿಗೂ ಅರವತ್ತರ ಹತ್ತಿರ. ಅಂಗಡಿ ಪಾಲಾಗಬೇಕೆಂದು ಜಗಳವಾಡಿ ಮಾತು ಬಿಟ್ಟಿದ್ದರು. ಮಾರನೆಯ ದಿನ ವಕೀಲರ ಹತ್ತಿರ ಹೋಗುವವರಿದ್ದರು.

ಹಾಡು ಮುಗಿಯಿತು. "ತೂಕ ಇನ್ನೂ ಕೂತಿಲ್ಲ" ಎಂದು ಇನ್ನೊಂದು ಶುರುಮಾಡಿದರು. ಆಮೇಲೆ ಮತ್ತೊಂದು. ಹೊರಗೆ ನಾನು ಗಂಟೆ ಲೆಕ್ಕಕ್ಕೆ ತಂದಿದ್ದ ವ್ಯಾನಿನವನು "ಸಾರ್, ಟೈಮ್ ಆಚ್ಚು!" ಎಂದು ತಮಿಳಿನಲ್ಲಿ ಅವಸರಪಡಿಸುತ್ತಾ ಹಾರನ್ ಒತ್ತುತ್ತಿದ್ದ.

"ಯಜಮಾನ್ರೇ, ಹಲಗೆ ಗಟ್ಟಿಯಾಗೇ ಇದೆಯಲ್ಲ?" ಎಂದೆ.

"ಹಲಗೆಗೇನಪ್ಪಾ, ಗಟ್ಟಿಯಾಗೇ ಇದೆ" ಎಂದು ತೂಗುತ್ತಲೇ ಹೋದರು.

ಕೊನೆಗೆ ಕಿರಿಯವನು, "ಅಣ್ಣಾ, ಸ್ವಲ್ಪ ಸರ್ಕೋ, ಬಿದ್ದೋಗ್ತೀನಿ" ಎಂದ.

ದೊಡ್ಡವನು ಸರಿದ. "ಮಂಡಿ ನೋವು ಹೇಗಿದೆಯೋ?"

"ಅಪ್ಪನ ಹಾಡು ನಿಂತ್ರೆ ಸರಿಹೋಗತ್ತೆ."

ಇಬ್ಬರೂ ನಕ್ಕರು. ಯಜಮಾನರು ಚರಣ ಮುಗಿಸಿ, ಕೈಮುಗಿದು, "ಇನ್ನು ತಗೊಂಡ್ಹೋಗಿ" ಎಂದರು. ವಕೀಲರ ಹತ್ತಿರ ಯಾರೂ ಹೋಗಲಿಲ್ಲ.

ನೀವೂ ಅಲ್ಲೇ ಮಾಡಿಸಿ. ಮಕ್ಕಳಿಬ್ಬರೂ ಸೇರಿಯೇ ನಡೆಸುತ್ತಿದ್ದಾರೆ, ಅಪ್ಪನ ಹಾಗೇ ಹಾಡಿ, ತೂಗಿ ನೋಡಿಯೇ ಕೊಡುತ್ತಾರೆ. ವ್ಯಾನನ್ನು ಮಾತ್ರ ಗಂಟೆ ಲೆಕ್ಕಕ್ಕೆ ಗೊತ್ತುಮಾಡಬೇಡಿ, ಟ್ರಿಪ್ಪಿಗೆ ಇಷ್ಟು ಎಂದು ಮೊದಲೇ ಮಾತಾಡಿಕೊಳ್ಳಿ.