ಬೇಲಿ ದಾಟುವ ಬೆಕ್ಕಿನ ಬಗ್ಗೆ ಓದುಗರು ಹೇಳಿದ್ದು

ನನ್ನ ಬೆಕ್ಕು ಮೀನು ತಿನ್ನಬಾರದು ಎಂದು ಪ್ರಕಾಶಕರು ಫೋನಿನಲ್ಲಿ ಹೇಳಿದಾಗ ನಾನು ಹೊನ್ನಾವರದ ಬಸ್‌ಸ್ಟ್ಯಾಂಡಿನಲ್ಲಿದ್ದೆ. ಅಥವಾ ಇದ್ದೆ ಎಂದು ನನಗೆ ನೆನಪಿದೆ. ಹಾರ್ನ್ ಕೇಳಿ ಅವರು "ಆಮೇಲೆ ಮಾಡ್ಲಾ?" ಎಂದದ್ದು ಮಾತ್ರ ಖಾತ್ರಿ. ಬಸ್‌ಸ್ಟ್ಯಾಂಡನ್ನು ಆ ಹಾರ್ನಿನ ಸುತ್ತ ನಾನೇ ಕಟ್ಟಿರಬಹುದು.

ಬೆಕ್ಕು ಎಂದರೆ ಪುಸ್ತಕದ ಬೆಕ್ಕು. ಐದು ಸಣ್ಣ ಪತ್ತೇದಾರಿ ಕಾದಂಬರಿಗಳನ್ನು ಬರೆದಿದ್ದೇನೆ. ಅವುಗಳಲ್ಲಿ ಕೊಲೆಯಿಲ್ಲ, ಪಿಸ್ತೂಲಿಲ್ಲ. ಒಂದು ಓಣಿ, ಅಕ್ಕಪಕ್ಕದಲ್ಲಿ ಎರಡು ಮನೆ, ನಡುವೆ ದಾಸವಾಳದ ಬೇಲಿ. ಒಂದು ಮನೆಯಲ್ಲಿ ಮೀನು ಬೇಯುತ್ತದೆ, ಇನ್ನೊಂದರಲ್ಲಿ ಬೇಯುವುದಿಲ್ಲ. ಏನೋ ಕಳೆದುಹೋಗುತ್ತದೆ: ಪಾಯಸ ಕಾಸುವ ಒಂದು ಕಂಚಿನ ಉರುಳಿ, ಒಬ್ಬರ ಹಲ್ಲಿನ ಸೆಟ್ಟು, ಮದುವೆಗೆ ಹೊಲಿಸಿದ ರವಿಕೆ. ಬೂದು ಪಟ್ಟೆಯ ಒಂದು ಹೆಣ್ಣುಬೆಕ್ಕು ಅದನ್ನು ಪತ್ತೆ ಮಾಡುತ್ತದೆ. ಜೊತೆಗೊಂದು ಮುದಿ ನಾಯಿಯೂ ಇದೆ. ಅದು ಹೆಚ್ಚಾಗಿ ದಾರಿಗೆ ಅಡ್ಡ ಮಲಗಿರುತ್ತದೆ.

"ಹಾಲು ಕುಡೀಲಿ ಸಾರ್, ಹಾಲಿಗೆ ಯಾರ ತಕರಾರೂ ಇಲ್ಲ," ಎಂದರು ಪ್ರಕಾಶಕರು. ಅವರು ಘಟ್ಟದ ಮೇಲಿನವರು, ಸಭ್ಯರು.

"ಬೆಕ್ಕಿನದೇ ತಕರಾರಿದೆ," ಎಂದೆ.

"ತಮಾಷೆ ಅಲ್ಲ. ಐದೂ ಸೇರಿಸಿ ಒಂದು ಸಂಪುಟ ಮಾಡ್ತಿದೀನಿ. ಶಾಲೆಗಳ ಲೈಬ್ರರಿಗೆ ಹೋಗುತ್ತೆ. ಯಾರೋ ಒಬ್ಬ ಪೋಷಕ ಆ ಪುಟದ ಫೋಟೊ ತೆಗೆದು ಗ್ರೂಪಿಗೆ ಹಾಕಿದ್ರೆ ಸಾಕು. ಮೀನು ತೆಗೆದುಬಿಡಿ. ಇಲ್ದಿದ್ರೆ ಸಂಪುಟ ಕಷ್ಟ. ಬೇಕಾದ್ರೆ ನಿಮ್ಮ ಮನೆಯೋರನ್ನೇ ಕೇಳಿ. ನಿಮ್ಮ ಹಿರಿಯರೇ ಒಪ್ಪಲ್ಲ," ಎಂದರು.

ಸಂಪುಟದ ಕೊನೆಯಲ್ಲಿ ಓದುಗರ ಅಭಿಪ್ರಾಯಗಳನ್ನು ಹಾಕಬೇಕು, ಅವನ್ನೂ ನೀವೇ ಸಂಗ್ರಹಿಸಿ ಕಳಿಸಿ ಎಂದೂ ಹೇಳಿದರು. ಎರಡೂ ಕೆಲಸವನ್ನು ಒಟ್ಟಿಗೇ ಮಾಡುತ್ತೇನೆ ಎಂದೆ. ಓದುಗರನ್ನು ಕೇಳುತ್ತೇನೆ, ಮೀನಿನ ಬಗ್ಗೆಯೂ ಕೇಳುತ್ತೇನೆ, ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಕಳಿಸುತ್ತೇನೆ.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಬೆಕ್ಕಿಗಿಂತ ಮೊದಲು ನಾನು ಪೂರ್ಣವಿರಾಮವೇ ಇಲ್ಲದ ಕತೆಗಳನ್ನು ಬರೆಯುತ್ತಿದ್ದೆ. ಯಾವ ಅಧ್ಯಾಯದಿಂದ ಬೇಕಾದರೂ ಓದಬಹುದಾದ ಒಂದು ಕಾದಂಬರಿಯನ್ನೂ ಬರೆದೆ. ಜನ ಯಾವ ಅಧ್ಯಾಯದಿಂದಲೂ ಓದಲಿಲ್ಲ. ಆ ಕಾಲದ ಗೆಳೆಯರು ಈಗ ಸಭೆಗಳಲ್ಲಿ ನನ್ನನ್ನು ಕಂಡರೆ ಮೆಲ್ಲಗೆ 'ಮಿಯಾಂವ್' ಅನ್ನುತ್ತಾರೆ. ಅನ್ನಲಿ. ಅವರು ಬಾಲ್ಯವನ್ನು ಬರೆಯುವ ರೀತಿ ನನಗೆ ಗೊತ್ತು. ಪತ್ತೇದಾರಿ ಕತೆಯ ಕೊನೆಯಲ್ಲಿ ಎಲ್ಲರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ ಯಾಕೆ, ಹೇಗೆ, ಯಾರು ಎಂದು ಬಿಡಿಸಿ ಹೇಳುತ್ತಾರಲ್ಲ, ಅವರ ನೆನಪುಗಳೂ ಹಾಗೆಯೇ. ಅಜ್ಜಿ, ಬಾವಿ, ಮಳೆ ಎಲ್ಲವೂ ಕರೆದ ಕೂಡಲೇ ಬಂದು ಸಾಲಾಗಿ ಕೂರುತ್ತವೆ. ನನ್ನವು ಕೂರುವುದಿಲ್ಲ. ಆದ್ದರಿಂದ ನನ್ನ ಮೂವರು ಓದುಗರನ್ನು ಇಲ್ಲಿ ಒಂದೇ ಕೋಣೆಗೆ ಕರೆಯುವುದಿಲ್ಲ. ಅವರು ಮೂರು ಊರುಗಳಲ್ಲಿದ್ದಾರೆ, ಅಲ್ಲೇ ಇರಲಿ.

ಮೊದಲು ಭಟ್ಕಳಕ್ಕೆ ಹೋದೆ. ಅಲ್ಲಿ ಹೆಂಗಸರ ಬಟ್ಟೆ ಹೊಲಿಯುವ ಅಂಗಡಿ ಇಟ್ಟಿರುವ ಒಬ್ಬಾಕೆ ನನ್ನ ಐದೂ ಪುಸ್ತಕಗಳನ್ನು ಓದಿ, ಪ್ರತಿಯೊಂದಕ್ಕೂ ವಾಟ್ಸಾಪಿನಲ್ಲಿ ಧ್ವನಿ ಸಂದೇಶ ಕಳಿಸಿದ್ದವರು. ಮನೆಯಲ್ಲಿ ನವಾಯತಿ, ಗಿರಾಕಿಗಳ ಜೊತೆ ಉರ್ದು, ಓದು ಕನ್ನಡದಲ್ಲಿ. ಹಿಂದಿನಿಂದ ಮೆಷಿನ್ನಿನ ಸದ್ದು ಬರದ ಸಂದೇಶವನ್ನು ಅವರು ಕಳಿಸಿದ್ದೇ ಇಲ್ಲ.

ನಾನು ಸ್ಟೂಲಿನ ಮೇಲೆ ಕೂತ ಕೂಡಲೇ ಶುರುಮಾಡಿದರು. "ಮೂರನೇ ಪುಸ್ತಕದಲ್ಲಿ ಉರುಳಿ ಸಿಕ್ತು. ಕಳ್ಳ ಸಿಗ್ಲಿಲ್ಲ. ಯಾರು ಸಾರ್ ಕಳ್ಳ? ನೀವೇನಾ?"

"ಬೆಕ್ಕಿಗೆ ಉರುಳಿ ಸಿಕ್ಕರೆ ಸಾಕಾಯ್ತು. ಕಳ್ಳ ಅದಕ್ಕೆ ಬೇಕಿರಲಿಲ್ಲ."

"ಬೆಕ್ಕಿಗೆ ಬೇಡ, ನನಗೆ ಬೇಕು! ನನ್ನ ನಾದಿನಿಗೆ ಓದ್ಲಿಕ್ಕೆ ಕೊಟ್ಟೆ. ಅವಳು ಕೊನೇ ಹಾಳೆ ಹರಿದುಹೋಗಿದೆ ಅಂತ ನನ್ನ ಹತ್ರ ಜಗಳಕ್ಕೆ ಬಂದ್ಲು."

ಮೀನಿನ ವಿಷಯ ಹೇಳಿದೆ. ಮೆಷಿನ್ ನಿಂತಿತು.

"ಎಂತ, ಬೆಕ್ಕಿಗೆ ಮೀನು ಬೇಡವಂತಾ? ಎರಡನೇ ಪುಸ್ತಕದಲ್ಲಿ ಅದು ಬೇಲಿ ಆಚೆಯ ದರ್ಜಿ ಹೆಂಗಸಿನ ಅಡಿಗೆಮನೆಗೆ ಹೋಗ್ತದಲ್ಲ, ಅಲ್ಲಿ ಕೂತು ತಿಂತದಲ್ಲ, ಅದು?"

"ಅದೂ ಹೋಗುತ್ತದೆ."

"ಹಾಗಾದ್ರೆ ಅವಳ ಅಡಿಗೆಮನೆಗೆ ಅದು ಯಾಕೆ ಬರ್ತದೆ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ರವಿಕೆಯ ತೋಳಿಗೆ ಚಾಕಿನಿಂದ ಗುರುತು ಹಾಕಿದರು. "ಬರೂದಿಲ್ಲ. ಅಷ್ಟೆ. ಮತ್ತೆ ಅವಳೂ ಬರೂದಿಲ್ಲ ಪುಸ್ತಕದಲ್ಲಿ. ಬರ್ಕೊಳ್ಳಿ, ಇದು ನನ್ನ ಅಭಿಪ್ರಾಯ. ಕಳ್ಳನ ವಿಷಯಾನೂ ಬರ್ಕೊಳ್ಳಿ."

ರೈಲಿನಲ್ಲಿ ವಾಪಸ್ಸು ಬರುವಾಗ ಮುರ್ಡೇಶ್ವರ ದಾಟಿದ ಮೇಲೆ ಅವರ ಪ್ರಶ್ನೆ ನನ್ನನ್ನು ಹಿಡಿಯಿತು. ಹಿಡಿಯಿತು ಎಂದು ಬರೆಯುವುದು ಸುಲಭ. ನಿಜವಾಗಿ ನಾನು ಕಡಲೆಕಾಯಿ ತಿನ್ನುತ್ತಿದ್ದೆ. ಆದರೆ ಅವರು ಕೇಳಿದ್ದು ಸರಿ. ನನ್ನ ಬೆಕ್ಕು ಜಾಣಬೆಕ್ಕಲ್ಲ. ಅದಕ್ಕೆ ಪತ್ತೆ ಸಾಧ್ಯವಾಗುವುದು ಅದು ಎರಡೂ ಮನೆಗಳ ಒಲೆಯ ಹತ್ತಿರ ಕೂರುತ್ತದೆ ಎನ್ನುವ ಒಂದೇ ಕಾರಣಕ್ಕೆ. ಓಣಿಯ ಮನುಷ್ಯರು ಯಾರೂ ಹಾಗೆ ಕೂರುವುದಿಲ್ಲ. ಜಗಲಿಯವರೆಗೆ ಬರುತ್ತಾರೆ, ಚಾ ಕುಡಿಯುತ್ತಾರೆ, ನಗುತ್ತಾರೆ, ಹೋಗುತ್ತಾರೆ. ಹಾಲು ಈಚೆ ಮನೆಯಲ್ಲೇ ಇದೆ. ಮೀನು ತೆಗೆದರೆ ಬೆಕ್ಕು ಬೇಲಿ ದಾಟಬೇಕಾದ್ದೇ ಇಲ್ಲ. ಬೇಲಿ ದಾಟದಿದ್ದರೆ ಐದು ಪುಸ್ತಕಗಳಲ್ಲಿ ಒಂದು ಬೆಕ್ಕು ಮಲಗಿರುತ್ತದೆ, ಒಂದು ನಾಯಿ ಮಲಗಿರುತ್ತದೆ.

ನಾಯಿಯ ಬಗ್ಗೆ ಹೊನ್ನಾವರದಲ್ಲಿ ಸರಿಯಾಗಿ ಬೈಸಿಕೊಂಡೆ. ಅಲ್ಲಿಯ ಓದುಗರು ನಿವೃತ್ತ ಬಸ್ ಕಂಡಕ್ಟರ್. ಬೆಳಿಗ್ಗೆ ವಾಚನಾಲಯದ ಬಾಗಿಲು ತೆಗೆಯುವ ಮೊದಲೇ ಮೆಟ್ಟಿಲ ಮೇಲೆ ಕೂತಿರುತ್ತಾರೆ.

"ನಿಮ್ಮ ನಾಯಿ ಎಂತಕ್ಕೆ ಐದು ಪುಸ್ತಕದಲ್ಲೂ ಮಲ್ಗೇ ಇರ್ತದೆ?"

"ಮುದಿ ನಾಯಿ ಅಲ್ವಾ."

"ಮುದಿ ಆದ್ರೆ ಎಂತ? ನಾನೂ ಮುದಿಯೇ. ಈ ಮೆಟ್ಲ ಮೇಲೆ ಕೂತಲ್ಲೇ ಊರೆಲ್ಲ ನೋಡ್ತೆ. ಯಾರ ಗಂಡ ಯಾವ ಟೆಂಪೋ ಹತ್ದ, ಎಲ್ಲಿ ಇಳ್ದ, ಎಲ್ಲ."

"ಹಾಗಾದ್ರೆ ನಿಮ್ಮ ಮೇಲೊಂದು ಪುಸ್ತಕ ಬರೀಬೇಕು."

"ನನ್ನ ಮೇಲೆ ಬ್ಯಾಡ ಮಾರಾಯ್ರೆ, ನಾಯಿ ಮೇಲೆ ಬರೀರಿ."

ಮೀನಿನ ವಿಷಯಕ್ಕೆ ಅವರು ತಲೆ ಕೆಡಿಸಿಕೊಳ್ಳಲಿಲ್ಲ. "ತೆಗೀತ್ರಾ? ತೆಗೀರಿ. ಬಿಡ್ತ್ರಾ? ಬಿಡಿ. ನನ್ನ ಮನೇಲಿ ದಿನಾ ಮೀನೇ, ಪುಸ್ತಕದಲ್ಲಿ ಇಲ್ದಿದ್ರೆ ನಾ ಉಪವಾಸ ಬೀಳ್ತ್ನಾ? ನಾಯಿಗೆ ಕೆಲ್ಸ ಕೊಡಿ, ಅಷ್ಟೇ ನಾ ಹೇಳೂದು."

ಈ ಉತ್ತರ ನನಗೆ ಇಷ್ಟವಾಗಲಿಲ್ಲ. ಇದನ್ನು ಬಿಟ್ಟು ಕಳಿಸಿದ್ದರೆ ನನ್ನ ವಾದ ಗಟ್ಟಿಯಾಗುತ್ತಿತ್ತು. ಬಿಡಲಿಲ್ಲ.

ಕುಮಟೆಯನ್ನು ಕೊನೆಗೆ ಇಟ್ಟುಕೊಂಡಿದ್ದಕ್ಕೆ ಕಾರಣವಿತ್ತು. ಅಲ್ಲಿ ನನ್ನ ಅತ್ತೆ ಇದ್ದಾರೆ, ಅಪ್ಪನ ತಂಗಿ. ಮಗ, ಸೊಸೆ ಕೆಲಸಕ್ಕೆ ಹೋದ ಮೇಲೆ ಹಗಲಿಡೀ ಓದುತ್ತಾರೆ. ಈರುಳ್ಳಿ ಸಹ ಒಳಗೆ ಬಾರದ ಅಡಿಗೆಮನೆ ಅವರದು. ನನ್ನ ಪುಸ್ತಕದ ಬೇಲಿ ಅವರ ಮನೆಯ ಬೇಲಿ, ಬೆಕ್ಕು ಅವರ ಮನೆಯ ಬೆಕ್ಕು. ಬೇಲಿಯಾಚೆಯ ಮನೆಯಾಕೆ ಆಸ್ಪತ್ರೆಯಲ್ಲಿ ನರ್ಸು. ಐದು ಪುಸ್ತಕಗಳನ್ನೂ ಒಂದೊಂದಾಗಿ ಅತ್ತೆಗೆ ಕೊಟ್ಟಿದ್ದೆ. ಒಂದರ ಬಗ್ಗೆಯೂ ಅವರು ಬಾಯಿ ಬಿಟ್ಟಿರಲಿಲ್ಲ. "ನಿಮ್ಮ ಹಿರಿಯರೇ ಒಪ್ಪಲ್ಲ" ಎಂದು ಪ್ರಕಾಶಕರು ಹೇಳಿದಾಗ ನನಗೆ ತಾಗಿದ್ದು ಆ ಮೌನ. ಅತ್ತೆ ತೆಗೆ ಎಂದರೆ ಏನು ಮಾಡುತ್ತೇನೆ? ತೆಗೆಯುವುದಿಲ್ಲ ಎಂದು ಟೆಂಪೋದಲ್ಲಿ ಕೂತು ಗಟ್ಟಿಮಾಡಿಕೊಂಡಿದ್ದೆ. ಆದರೆ ಆಮೇಲೆ ಆ ಮನೆಯಲ್ಲಿ ಊಟಕ್ಕೆ ಹೇಗೆ ಕೂರುವುದು ಎಂದು ಗೊತ್ತಿರಲಿಲ್ಲ.

ನಾನು ಹೋದಾಗ ಹಿತ್ತಿಲ ಕಡೆಯಿಂದ ಮಾತು ಕೇಳುತ್ತಿತ್ತು.

"ಅಮ್ಮಾ, ನಿಮ್ಮ ಬೆಕ್ಕು ಇಲ್ಲಿ ಬಂದದೆ ನೋಡಿ. ಇವತ್ತು ಬಂಗಡೆ." ಇದು ನರ್ಸು.

"ಬಂಗಡೆ ತಿಂಬಾಗ ಅದು ನಿಮ್ಮನೇದು. ಹಾಲು ಕುಡಿವಾಗ ನಮ್ಮನೇದು," ಎಂದರು ಅತ್ತೆ.

"ಹಂಗಾದ್ರೆ ಮರಿ ಹಾಕಿದ್ರೆ ಯಾರ್ದು?"

"ಮರಿ ಹಾಕಿದ್ರೆ ನಿಮ್ಮನೇದೇ. ಇಟ್ಕಳಿ."

ಇಬ್ಬರೂ ನಕ್ಕರು. ಆಗ ಬೆಕ್ಕು ಎಲ್ಲಿತ್ತು? ಬೇಲಿಯ ಬುಡದಲ್ಲಿತ್ತು ಎಂದು ಬರೆಯಲು ಕೈ ತುರಿಸುತ್ತದೆ. ನಾನು ನೋಡಲಿಲ್ಲ.

ಅತ್ತೆ ಚಾ ಕೊಟ್ಟರು. ಸಂಪುಟದ ವಿಷಯ, ಪ್ರಕಾಶಕರ ಮಾತು, ಶಾಲೆಗಳ ವಿಷಯ ಎಲ್ಲ ಹೇಳಿದೆ. ಕೇಳಿಕೊಂಡು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು.

"ಐದೂ ಓದಿದ್ದೆ ತಮಾ. ಒಂದು ತಪ್ಪಿದ್ದು. ಐದ್ರಲ್ಲೂ ಅದೇ ತಪ್ಪು."

"ಮತ್ತೆ ಇಷ್ಟು ದಿನ ಹೇಳಿದ್ದಿಲ್ಯಲೆ?"

"ನೀ ಕೇಳಿದ್ಯಾ?"

ಕೇಳಿರಲಿಲ್ಲ. "ಮೀನು ಬ್ಯಾಡ ಹೇಳಾ?" ಎಂದೆ.

"ಮೀನಿಂದು ಎಂತ ಇದ್ದು? ಬೆಕ್ಕು ಅಂದ್ಮೇಲೆ ಮೀನು ತಿಂತು. ಆದ್ರೆ ಮೀನು ತಿಂದ್ಕಂಡು ಸೀದಾ ಬಂದು ಅಡಿಗೆಮನೇಲಿ ಕೂತತ್ತು ಹೇಳಿ ಬರದ್ಯಲ, ಯಾರು ಒಳಗೆ ಬಿಡ್ತ ಅದನ್ನ? ಆನಂತೂ ಬಿಡ್ತ್ನಿಲ್ಲೆ."

ಎದ್ದು ಹಿತ್ತಿಲ ಬಾಗಿಲಿಗೆ ಹೋದರು. ಬಾಗಿಲ ಪಕ್ಕದ ಮೊಳೆಯಲ್ಲಿ ಹಳೆಯ ಟವೆಲಿನ ಒಂದು ತುಂಡು ನೇತಾಡುತ್ತಿತ್ತು, ಒದ್ದೆಯಾಗಿ. ನನಗೆ ಬುದ್ಧಿ ಬಂದಾಗಿನಿಂದ ಅಲ್ಲೊಂದು ಅಂಥ ತುಂಡು ಇದೆ.

"ಆಚೆಮನೆಯಿಂದ ಬಂದ ಕೂಡ್ಲೆ ಬಾಯಿ ಒರಸ್ತೆ, ಮುಂಗಾಲು ಎರಡೂ ಒರಸ್ತೆ, ಆಮೇಲೆ ಒಳಗೆ. ಎನ್ನ ಅತ್ತೆನೂ ಹಿಂಗೇ ಮಾಡ್ತಿತ್ತು. ಅದನ್ನ ಬರದ್ದೇ ಇಲ್ಲೆ ನೀನು."

ಈ ಮನೆಯ ಮೊಸರನ್ನ ಉಂಡು ಬೆಳೆದ ನಾನು ಅದನ್ನು ಕೈ ಒರೆಸುವ ಬಟ್ಟೆ ಎಂದುಕೊಂಡಿದ್ದೆ. ಬೆಕ್ಕು ಬೇಲಿ ದಾಟಿ ಹೋಗುವುದನ್ನು ಐದು ಪುಸ್ತಕಗಳಲ್ಲಿ ಬರೆದವನು, ಅದು ಮರಳಿ ಬರುವುದು ಹೇಗೆ ಎಂದು ಒಮ್ಮೆಯೂ ನೋಡಿರಲಿಲ್ಲ.

"ಅತ್ತೆ, ಆ ಬಟ್ಟೇಲಿ ಆನು ಕೈ ಒರಸ್ಕಂಡಿದ್ನಾ ಯಾವಾಗಾರೂ?"

"ಬೇಕಾದಷ್ಟು ಸಲ."

"ಹೇಳಿದ್ದಿಲ್ಯಲೆ!"

"ಹೇಳಿದ್ರೆ ನೀ ಊಟ ಬಿಡ್ತಿದ್ದೆ."

ಊಟಕ್ಕೆ ಕೂತಾಗ ಇನ್ನೊಂದು ಮಾತು ಹೇಳಿದರು. ಬಡಿಸುತ್ತ, ನನ್ನ ಮುಖ ನೋಡದೆ. "ಮೀನು ತೆಗದ್ರೆ ಈ ಬಟ್ಟೆ ಎಂತಕ್ಕೆ? ಒರಸಿ ಒಳಗೆ ಬಿಡದು ಇದ್ದಲ, ಅದು ಎನಗೆ ಬೇಕು. ಹೇಳು ನಿನ್ನ ಪ್ರಕಾಶಕರಿಗೆ."

ಹೇಳಿದೆ. ಮೂವರ ಮಾತುಗಳನ್ನೂ ಕಳಿಸಿದೆ: ಸಿಗದ ಕಳ್ಳ, ಕೆಲಸ ಕೇಳುವ ನಾಯಿ, ಒದ್ದೆ ಬಟ್ಟೆ. ಪ್ರಕಾಶಕರು ತಕ್ಷಣ ಫೋನ್ ಮಾಡಿದರು. ಖುಷಿಯಲ್ಲಿದ್ದರು.

"ನಿಮ್ಮ ಅತ್ತೆಯ ಅಭಿಪ್ರಾಯ ಅದ್ಭುತ ಸಾರ್. ಬೆನ್ನುಪುಟಕ್ಕೇ ಹಾಕ್ತೀನಿ. ಒಂದೇ ಒಂದು, ಮೀನು ಅನ್ನೋ ಕಡೆ 'ಆಹಾರ' ಅಂತ ಮಾಡ್ಕೊಳ್ಳೋಣ. ಪುಸ್ತಕದಲ್ಲೂ ಹಾಗೇ. ಆಚೆಮನೆಯಲ್ಲಿ ಆಹಾರ ತಿಂದು ಬಂದ ಬೆಕ್ಕಿನ ಬಾಯಿ ಒರೆಸ್ತಾರೆ."

"ಆಹಾರ ತಿಂದು ಬಂದರೆ ಯಾಕೆ ಒರೆಸಬೇಕು?"

"ಸ್ವಚ್ಛತೆ. ಮಕ್ಕಳಿಗೆ ಒಳ್ಳೆಯ ಪಾಠ."

ನಾನು ಆಗದು ಎಂದೆ. ಅವರು ಮತ್ತೆ ಹೇಳಿದರು, ನಾನು ಮತ್ತೆ ಆಗದು ಎಂದೆ. ಬಂಗಡೆ ಎಂದರೆ ಬಂಗಡೆ. ಅದನ್ನು ಬೇಯಿಸುವ ಮನೆಗೆ ಅದರಲ್ಲಿ ನಾಚಿಕೆಯಿಲ್ಲ. ಬೇಯಿಸದ ಮನೆ ಅದನ್ನು ಒರೆಸಿ ಒಳಗೆ ಬಿಟ್ಟುಕೊಂಡಿದೆ. ನಡುವೆ ಘಟ್ಟದ ಮೇಲೆ ಕೂತವರಿಗೆ ಯಾರ ಪರವಾಗಿ ಇಷ್ಟು ನೋವು? ಇಷ್ಟನ್ನು ಫೋನಿನಲ್ಲಿ ಹೇಳಿದೆನೋ, ಇಟ್ಟ ಮೇಲೆ ಗೋಡೆಗೆ ಹೇಳಿದೆನೋ, ಪ್ರಮಾಣ ಮಾಡಲಾರೆ.

"ಹಾಗಾದ್ರೆ ಸಂಪುಟ ಆಗಲ್ಲ ಸಾರ್," ಎಂದರು.

"ಆತು," ಎಂದೆ.

ಸಂಪುಟ ಆಗಲಿಲ್ಲ. ಹಳೆಯ ಐದು ಪುಸ್ತಕಗಳು ಸಿಗುವಲ್ಲಿ ಸಿಗುತ್ತವೆ. ಹೊನ್ನಾವರದ ವಾಚನಾಲಯದ ಪ್ರತಿಗಳಲ್ಲಿ ನಾಯಿ ಬರುವ ಕಡೆಯೆಲ್ಲ ಪೆನ್ಸಿಲಿನ ಗೆರೆ ಬಿದ್ದಿದೆ. ಯಾರು ಎಳೆದದ್ದೆಂದು ಪತ್ತೆ ಮಾಡಲು ಬೆಕ್ಕು ಬೇಕಾಗಿಲ್ಲ. ನಾನು ಆರನೆಯದನ್ನು ಬರೆಯುತ್ತಿದ್ದೇನೆ. ಅದರಲ್ಲೂ ಕಳ್ಳ ಸಿಗುವುದಿಲ್ಲ. ಭಟ್ಕಳದವರು ಬೈಯಲಿ.

ಅದರ ಮೊದಲ ಪುಟಕ್ಕೆ ಒದ್ದೆ ಬಟ್ಟೆಯನ್ನು ಸರಿಯಾಗಿ ನೋಡಿಕೊಂಡು ಬರೋಣವೆಂದು ಮತ್ತೆ ಕುಮಟೆಗೆ ಹೋಗಿದ್ದೆ. ಸಂಪುಟ ನಿಂತ ಸುದ್ದಿ ಹೇಳಿದೆ. ಅತ್ತೆ "ನಿಲ್ಲಲಿ" ಎಂದರು. ಹಿತ್ತಿಲ ಬಾಗಿಲಲ್ಲಿ ಇಬ್ಬರೂ ಕಾಯುತ್ತ ನಿಂತೆವು. ಬೆಕ್ಕು ಬೇಲಿಯಿಂದ ನುಸುಳಿ ಬಂತು. ಅತ್ತೆ ಬಟ್ಟೆ ಹಿಡಿದು ಬಗ್ಗಿದರು. ಬೆಕ್ಕು ಮುಖ ಎತ್ತಿ ಒರೆಸಿಸಿಕೊಂಡಿತು ಎಂದು ಬರೆದರೆ ಚೆಂದ ಇರುತ್ತಿತ್ತು. ಅದರ ಬಾಯಲ್ಲಿ ಬಂಗಡೆಯ ಇಡೀ ತಲೆಯೇ ಇತ್ತು. ಅತ್ತೆಯ ಕೈ ತಪ್ಪಿಸಿ, ನನ್ನ ಕಾಲ ಸಂದಿಯಿಂದ ಹಾದು, ತಲೆಯ ಸಮೇತ ಅಡಿಗೆಮನೆಗೆ ನುಗ್ಗಿತು.

"ಏ ರಂಡೆ! ಹಿಡಿಯೋ ತಮಾ, ಹಿಡಿ!" ಎಂದು ಕೂಗುತ್ತ ಅತ್ತೆ ಬಟ್ಟೆ ಬೀಸಿಕೊಂಡು ಓಡಿದರು. ಬೇಲಿಯಾಚೆ ನರ್ಸು ನಗುತ್ತಿದ್ದರು. ನಾನು ಹಿಡಿಯಲಿಲ್ಲ.

ಮೊದಲ ಪುಟಕ್ಕೆ ಅದನ್ನೇ ಬರೆದೆ.